ಕರೆಯುವ ಹೆಸರು

ಹೆಣ್ಣು ಹುಟ್ಟಿದರೆ ನಿನ್ನ ಹೆಸರನ್ನೇ ಇಡುತ್ತೇನೆ ಎಂದು ಪಾರವ್ವ ತನ್ನ ತಾಯಿಗೆ ಮಾತು ಕೊಟ್ಟದ್ದು ಸ್ವಾತಂತ್ರ್ಯ ಬಂದ ವರ್ಷ, ಹಿಡಕಲ್ಲಿನ ಹತ್ತಿರ, ಹೊಳೆಯ ದಂಡೆಯ ಮೇಲೆ. ಅವಳಿಗಾಗ ಇಪ್ಪತ್ತು ತುಂಬಿರಲಿಲ್ಲ. ಮೊದಲ ಬಸುರು; ಹಡೆಯಲು ತವರಿಗೆ ಬಂದಿದ್ದಳು. ತಾಯಿ ಕೌದಿಗಳನ್ನು ಒಗೆದು ಬಂಡೆಗಳ ಮೇಲೆ ಹರವುತ್ತಿದ್ದಳು. ಮಗಳು ನೀರಿಗೆ ಕಾಲು ಇಳಿಬಿಟ್ಟು ಕುಳಿತು, ಪಾದದ ಮೇಲೆ ಹಾಯುವ ಸಣ್ಣ ಮೀನುಗಳನ್ನು ನೋಡುತ್ತಿದ್ದಳು.

"ನನ್ನ ಹೆಸರೇನು ಹೇಳು ನೋಡೂಣು," ಎಂದಳು ತಾಯಿ.

"ಅಲ್ಲವ್ವ. ಯಾಕ, ಮರತೀಯೇನ?"

"ಮರತಂಗ ಆಗೈತಿ. ನಿಮ್ಮಪ್ಪ ಇರೂತನಕ 'ಕೇಳಿತೇನ' ಅಂದ. ಓಣಿಯವರು 'ಪಾರಿ ಅವ್ವ' ಅಂದ್ರು. ನಿಮ್ಮ ಮಾವ 'ಬೀಗತಿ' ಅಂತಾನ. ಮೊನ್ನಿ ದವಾಖಾನಿಯಾಗ ಹೆಸರು ಕೇಳಿದ್ರ ಬಾಯಿಗೇ ಬರಲಿಲ್ಲ. ಚೀಟಿ ಬರಿಯಾವ ನಗಾಕತ್ತ."

ಅವಳೂ ನಕ್ಕಳು. ಒದ್ದೆ ಕೌದಿ ಜಾರದಂತೆ ತುದಿಗೆ ಒಂದು ಕಲ್ಲು ಹೇರಿ ಸೊಂಟ ನೆಟ್ಟಗೆ ಮಾಡಿಕೊಂಡಳು. "ಮತ್ತೇನಿಲ್ಲ. ಒಂದು ಅಂಗಳದಾಗ ಯಾರರೆ ನನ್ನ ಹೆಸರು ಹಿಡದು ಗಂಟಲ ಹರಕೊಂಡು ಒದರಬೇಕು ಅನಸತೈತಿ. ಸಣ್ಣಾಕಿ ಇದ್ದಾಗ ಒದರತಿದ್ರಲ್ಲ, ಹಂಗ."

"ನನಗ ಹೆಣ್ಣು ಹುಟ್ಟಿದ್ರ ನಿನ್ನ ಹೆಸರ ಇಡತೇನಿ."

"ನಿಮ್ಮ ಮನಿಯವರು ಬಿಟ್ಟಾರ?"

"ನಾ ಕೇಳತೇನಿ ಅವರನ್ನ. ಮಾತು ಅಂದ್ರ ಮಾತು."

ಆ ಸಲ ಗಂಡು ಹುಟ್ಟಿತು. ಎರಡು ವರ್ಷಕ್ಕೆ ಮತ್ತೆ ಗಂಡು. ಮೂರನೆಯದೂ ಗಂಡೇ ಎಂಬ ಸುದ್ದಿ ಮುಟ್ಟುವ ಹೊತ್ತಿಗೆ ಅಲ್ಲವ್ವ ಇರಲಿಲ್ಲ. ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದಳು.

ಮಾತು ಕೊಟ್ಟ ಹತ್ತು ವರ್ಷದ ಮೇಲೆ, ಮಾಘದ ಕೊನೆಯಲ್ಲಿ, ನಾಗನೂರಿನ ಗಂಡನ ಮನೆಯಲ್ಲಿ ಪಾರವ್ವ ಹೆಣ್ಣು ಹಡೆದಳು. ಆದರೆ ಅದಕ್ಕೆ ನಾಲ್ಕು ತಿಂಗಳ ಮುಂಚೆ, ದೀಪಾವಳಿಯ ಹಿಂದುಮುಂದೆ, ಆ ಮನೆಯ ಹಿರಿಯಳಾದ ಅವಳ ಅತ್ತೆ ಲಕ್ಕವ್ವ ತೀರಿಕೊಂಡಿದ್ದಳು. ಕೂಸಿನ ಎಡಗಿವಿಯ ಹಿಂದೆ ಸಾಸಿವೆಕಾಳಿನಷ್ಟು ಒಂದು ಮಚ್ಚೆ. ಲಕ್ಕವ್ವನಿಗೂ ಎಡಗಿವಿಯ ಹಿಂದೆಯೇ ಇತ್ತು. ಅವಳು ಸಾಯುವಾಗ ಕೂಸು ಆಗಲೇ ಹೊಟ್ಟೆಯಲ್ಲಿತ್ತು, ಆದರೆ ತಿಂಗಳು ಯಾರೂ ಲೆಕ್ಕ ಹಾಕಲಿಲ್ಲ. ಗಂಡ ಮುರಿಗೆಪ್ಪ ಕೂಸನ್ನು ಎರಡೂ ಅಂಗೈಯಲ್ಲಿ ಹಿಡಿದು ಕಿವಿ ಮಡಚಿ ನೋಡಿ, "ನಮ್ಮವ್ವ ಹೊಳ್ಳಿ ಬಂದಾಳ," ಎಂದ. ನಲವತ್ತರ ಹತ್ತಿರದ ಗಂಡಸು, ಅಳುವುದು ಬರುವುದಿಲ್ಲ, ಮೂಗು ಮಾತ್ರ ಕೆಂಪಗಾಗಿತ್ತು.

ಹೆಸರಿಡಬೇಕಾದವಳು ಅವನ ಅಕ್ಕ ಯಮನವ್ವ. ಸೋದರತ್ತೆ ಕಿವಿಯಲ್ಲಿ ಹೇಳದ ಹೊರತು ಅದು ಹೆಸರಾಗುವುದಿಲ್ಲ. ಅವಳನ್ನು ಹುಕ್ಕೇರಿಗೆ ಕೊಟ್ಟಿದ್ದರು. ಅಲ್ಲಿ ಅವರ ಹೊಲದಲ್ಲಿ ಕಬ್ಬಿನ ಗಾಣ ನಡೆದಿತ್ತು, ಹಗಲೂ ರಾತ್ರಿ ಬೆಲ್ಲದ ಕೊಪ್ಪರಿಗೆ ಕುದಿಯುತ್ತಿತ್ತು. "ಗಾಣ ನಿಂತ ಮ್ಯಾಲೆ ಉಗಾದಿಗೆ ಬರತೇನಿ, ಅಲ್ಲೀತನಕ ಕೂಸು ಅಂತ ಕರೀರಿ," ಎಂದು ಹೇಳಿ ಕಳಿಸಿದಳು.

ಹೀಗಾಗಿ ಕೂಸಿಗೆ ಒಂದು ತಿಂಗಳ ಮೇಲೆ ಹೆಸರಿರಲಿಲ್ಲ. ಆ ದಿನಗಳೊಳಗೆ ಪಾರವ್ವ ಗಂಡನಿಗೆ ಒಂದು ಮಾತು ಕೇಳಬೇಕಿತ್ತು. ಕೇಳಿದರೆ ಕೊಟ್ಟ ಮಾತು ಉಳಿಯುತ್ತದೆ, ಬಿಟ್ಟರೆ ಇಲ್ಲ. ನಾಲ್ಕನೆಯ ಹೆರಿಗೆ, ಇನ್ನೊಂದು ಆಗಲಾರದೆಂದು ಅವಳ ಮೈಯೇ ಹೇಳುತ್ತಿತ್ತು.

ಬಾಣಂತನ ಮಾಡಲು ತಾಯಿಯೂ ಇಲ್ಲ, ಅತ್ತೆಯೂ ಇಲ್ಲ. ಬಾಜೂಮನೆಯ ಬಾಳವ್ವ ಬಂದು ಮೂರು ವಾರ ನೀರು ಹಾಕಿದಳು, ಅಷ್ಟೇ. ಆಮೇಲೆ ಪಾರವ್ವ ಎದ್ದು ಸೆರಗು ಕಟ್ಟಿದಳು. ನಸುಕಿನಲ್ಲಿ ಬೀಸುಕಲ್ಲು, ಅಂಗಳಕ್ಕೆ ಸಗಣಿನೀರು, ಬಾವಿಯಿಂದ ಎಂಟು ಕೊಡ, ಆಮೇಲೆ ರೊಟ್ಟಿ. ರೊಟ್ಟಿ ಬಡಿಯುವಾಗ ಅವಳಿಗೆ ನಿದ್ದೆ ಬರುತ್ತಿತ್ತು. ಕೈ ತನ್ನಷ್ಟಕ್ಕೆ ಬಡಿಯುತ್ತಿತ್ತು, ಹಿಟ್ಟು ತನ್ನಷ್ಟಕ್ಕೆ ತಿರುಗಿ ಅಗಲವಾಗುತ್ತಿತ್ತು, ಆ ಸಪ್ಪಳದ ಒಳಗೆಲ್ಲೋ ಅವಳು ಹೊಳೆಯ ದಂಡೆಗೆ ಹೋಗಿ ಬರುತ್ತಿದ್ದಳು. ಕಣ್ಣು ಬಿಟ್ಟರೆ ಹೆಂಚಿನ ಮೇಲೆ ರೊಟ್ಟಿ ಉಬ್ಬಿರುತ್ತಿತ್ತು. ಒಂದೂ ಸೀದದ್ದಿಲ್ಲ. ಯಾವಾಗ ಹೊರಳಿಸಿದೆನೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಫಾಲ್ಗುಣದ ಗಾಳಿ ಬೇರೆ. ಬೇವಿನ ಹಳೆಯ ಎಲೆಗಳೆಲ್ಲ ಉದುರಿ ಕೆಂಪು ಚಿಗುರು ಒಡೆದಿತ್ತು. ಮಾವಿನ ಹೂವಿನ ವಾಸನೆ ಸೀರೆಯ ನಿರಿಗೆಯವರೆಗೆ ಬಂದು ಕುಳಿತಿತ್ತು. ಪಾರವ್ವ ತಲೆಯ ಮೇಲೆ ಬುತ್ತಿ, ಬೆನ್ನಿಗೆ ಕೂಸು ಕಟ್ಟಿಕೊಂಡು ಹೊಲದ ದಾರಿ ಹಿಡಿದರೆ ದಾರಿಯೇ ಅವಳನ್ನು ನಡೆಸಿಕೊಂಡು ಹೋಗುತ್ತಿತ್ತು. ಎರಡೂ ಕಡೆ ಅರಳಿದ ಹತ್ತಿ. ಬಿಸಿಲಿಗೆ ಕಣ್ಣು ಅರ್ಧ ಮುಚ್ಚಿದರೆ ಹತ್ತಿ ಯಾವುದು, ಮೋಡ ಯಾವುದು, ಬೆನ್ನ ಮೇಲಿನ ಉಸಿರು ಯಾರದು ಎಂಬುದು ಕಲಸಿಹೋಗುತ್ತಿತ್ತು. ಆಗ ಅವಳು ಮನಸ್ಸಿನಲ್ಲೇ ಮಾತು ಹೊಂದಿಸುತ್ತಿದ್ದಳು. 'ಏನ್ರಿ, ಒಂದು ಮಾತು ಕೇಳಲೇನ? ನಮ್ಮವ್ವಗ ನಾ ಮಾತು ಕೊಟ್ಟೇನಿ.' ಹೊಲ ಮುಟ್ಟುವ ತನಕ ಮಾತು ಗಟ್ಟಿಯಾಗಿ ಇರುತ್ತಿತ್ತು.

ಹೊಲದಲ್ಲಿ ಮುರಿಗೆಪ್ಪ ಕೈ ತೊಳೆದು ಬಂದು ಮೊದಲು ಬುತ್ತಿಗೆ ಕೈ ಹಾಕುತ್ತಿರಲಿಲ್ಲ. ಕೂಸನ್ನು ಇಸಿದುಕೊಳ್ಳುತ್ತಿದ್ದ.

"ಏನವಾ, ಉಂಡೀ? ಬಿಸಲಾಗ ಯಾಕ ಬಂದಿ? ಹೊಲ ನೋಡಾಕ ಬಂದ್ಯೇನ? ನೋಡು, ಈ ವರ್ಷ ಹತ್ತಿ ಛಲೋ ಬಂದೈತಿ. ನೀ ಹೇಳಿದಂಗ ಆ ಮೂಲಿಯಾಗ ಕುಸುಬಿ ಹಾಕೇನಿ."

ಲಕ್ಕವ್ವ ಹಾಗೆ ಹೇಳಿದ್ದು ಹೌದು. ಸಾಯುವ ಹದಿನೈದು ದಿನ ಮುಂಚೆ, ಹಾಸಿಗೆಯಲ್ಲೇ ಮಲಗಿ, ಮೂಲೆಯಲ್ಲಿ ಕುಸುಬಿ ಹಾಕು ಎಂದಿದ್ದಳು. ಪಾರವ್ವನೂ ಅಲ್ಲಿಯೇ ಕಾಲು ಒತ್ತುತ್ತ ಕುಳಿತಿದ್ದಳು. ಒಳ್ಳೆಯ ಅತ್ತೆ. ಪಾರವ್ವನ ತಾಯಿ ಸತ್ತ ಸುದ್ದಿ ಬಂದ ದಿನ, ಹಸಿ ಬಾಣಂತಿ ಎಂದು ಸೊಸೆಯನ್ನು ಮಣ್ಣಿಗೆ ಕಳಿಸಲಾಗದೆ, ತಾನೇ ಪಕ್ಕದಲ್ಲಿ ಮಲಗಿ ಬೆಳಗಿನ ತನಕ ತಲೆ ಸವರಿದವಳು. ಅಂಥವಳ ಹೆಸರು ಬೇಡ, ನನ್ನ ತಾಯಿಯ ಹೆಸರು ಇಡಿ ಎನ್ನುವುದು, ಬಾಗಿಲಿಗೆ ಬಂದವಳನ್ನು ಹೊರಗೆ ನಿಲ್ಲಿಸಿದಂತೆ. ಪಾರವ್ವ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿಯ ಮೇಲೆ ಹಿಂಡಿಪಲ್ಯ ಹಾಕಿ ಕೊಟ್ಟಳು. ಮಾತು ಹಾಗೇ ಉಳಿಯಿತು.

ಹೋಳಿ ಮುಗಿದು ನಾಲ್ಕು ದಿನಕ್ಕೆ ಶ್ಯಾವಿಗೆ ಹೊಸೆಯಲು ಬಾಳವ್ವ ಬಂದಳು. ಇವತ್ತು ಇವರ ಮನೆ, ನಾಳೆ ಅವರ ಮನೆ. ಶ್ಯಾವಿಗೆ ಮಣೆಯ ಒಂದು ತುದಿಯನ್ನು ಕಟ್ಟೆಯ ಮೇಲೇರಿಸಿ, ಬಾಳವ್ವ ಅದರ ಮೇಲೆ ಕುದುರೆ ಹತ್ತಿದಂತೆ ಕುಳಿತು ಹಿಟ್ಟು ತಿಕ್ಕಿದಳು. ಕೆಳಗೆ ಪಾರವ್ವ ಜೋಳದ ದಂಟಿನ ಮೇಲೆ ಎಳೆ ಹಿಡಿದು ನೆರಳಿನ ಹಗ್ಗಕ್ಕೆ ಇಳಿಬಿಟ್ಟಳು. ಬೇವಿನ ಟೊಂಗೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಎಳೆಗಳು ಗಾಳಿಗೆ ಒಂದಕ್ಕೊಂದು ತಾಗಿ ಏನೋ ಗುಟ್ಟು ಹೇಳಿಕೊಂಡಂತೆ ಸರಸರ ಎನ್ನುತ್ತಿದ್ದವು. ಕಟ್ಟೆಯ ಆ ತುದಿಯಲ್ಲಿ ಮಾವ ದುಂಡಪ್ಪ ಹಗ್ಗ ಹೊಸೆಯುತ್ತ ಕುಳಿತಿದ್ದ.

"ಎಲ್ಲಿ ಹ್ವಾದಿ? ಎಳಿ ನೆಲಕ್ಕ ಬೀಳಾಕತ್ತಾವು," ಎಂದಳು ಬಾಳವ್ವ.

"ಇಲ್ಲೇ ಅದೇನಲ್ಲ."

"ಕಣ್ಣು ಅಷ್ಟ ಇಲ್ಲೆ ಅದಾವ. ಒಂದೀಟು ಬೆಳ್ಳಂದು ಇದ್ರ ಚಾ ಮಾಡೂಣು, ನಿದ್ದಿ ಹೋಗತೈತಿ."

ಬೆಳ್ಳಂದು ಅಂದರೆ ಹಾಲು. ಬಾಳವ್ವನ ಅತ್ತೆಯ ಹೆಸರು ಹಾಲವ್ವ. ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಆದ್ದರಿಂದ ಬಾಳವ್ವ ಇಪ್ಪತ್ತು ವರ್ಷದಿಂದ ಹಾಲಿಗೆ ಬೆಳ್ಳಂದು ಎನ್ನುತ್ತಾಳೆ, ಮೊಸರು ಬೆಣ್ಣೆಗಳಿಗೆ ಮಾತ್ರ ಅವುಗಳ ಹೆಸರುಗಳೇ ಇವೆ.

"ಅಲ್ಲಾ, ಕೂಸಿಗೆ ಮುರಿಗೆಪ್ಪನ ಅವ್ವನ ಹೆಸರ ಇಡತಾರಂತಲ್ಲ. ನೀ ಏನಂತ ಕರೀತಿ?" ಎಂದು ಕೇಳಿದಳು ಅವಳೇ.

"ಕೂಸ ಅಂತ ಕರೀತೇನಿ."

"ಮದಿವಿ ಆಗೂತನಕ ಕೂಸ? ನೋಡಾಕ ಬಂದ ಬೀಗರು ಹುಡಿಗಿ ಹೆಸರೇನ್ರಿ ಅಂದ್ರ ಕೂಸ್ರಿ ಅನ್ನು. ಎದ್ದು ಹೋಗತಾರ."

ಪಾರವ್ವ ನಕ್ಕಳು. ನಗು ನಿಂತ ಮೇಲೆ, ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಬಾಳವ್ವನಿಗೆ ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ತಿಳಿಯುತ್ತದೆ, ಓಣಿಯಿಂದ ಗಂಡನಿಗೆ ತಿಳಿಯುತ್ತದೆ. ಕೇಳುವ ಮಾತು ಹಾಗೆ ಸುತ್ತಿ ಮುಟ್ಟುವುದು ಬೇಡವೆನಿಸಿತು. ಎದ್ದು ಚಹಾಕ್ಕೆ ಇಟ್ಟಳು.

ಉಗಾದಿಯ ಹಿಂದಿನ ದಿನ ಯಮನವ್ವ ಬಂದಳು. ಹುಕ್ಕೇರಿಯಿಂದ ಬಸ್ಸಿನಲ್ಲಿ ಘಟಪ್ರಭಾಕ್ಕೆ ಬಂದು, ಅಲ್ಲಿಂದ ತಮ್ಮ ಕಟ್ಟಿಕೊಂಡು ಹೋಗಿದ್ದ ಬಂಡಿಯಲ್ಲಿ. ಅವಳ ಸೀರೆ, ಕೂದಲು, ಅವಳು ತಂದ ಚೀಲ ಎಲ್ಲವೂ ಬೆಲ್ಲದ ವಾಸನೆ ಹೊಡೆಯುತ್ತಿದ್ದವು. ಹಬ್ಬ ಮುಗಿಸಿ ಮರುದಿನ ತೊಟ್ಟಿಲು ಎಂದು ಗೊತ್ತುಮಾಡಿದರು.

ತೊಟ್ಟಿಲ ದಿನ ಬೆಳಿಗ್ಗೆ ಇಬ್ಬರೂ ಕೂಡಿ ತೊಟ್ಟಿಲಿಗೆ ಬೇವಿನ ಹೂವು, ಮಾವಿನ ಎಲೆ ಕಟ್ಟುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ಪಾರವ್ವನಿಗೆ ಗೊತ್ತಿತ್ತು.

"ಅಕ್ಕಾರ, ಒಂದು ಮಾತು..."

"ಮೊದಲ ನಂದು ಕೇಳು," ಎಂದಳು ಯಮನವ್ವ. ಅವಳ ಕಣ್ಣು ಹೂವಿನ ಮೇಲೆಯೇ ಇತ್ತು. "ಕೊಪ್ಪರಿಗಿ ಮುಂದ ಕುಂತಾಗೆಲ್ಲಾ ಇದನ್ನ ನೆನಸತಿದ್ದೆ. ಹುಟ್ಟಿದಾಗಿಂದ ಅವ್ವಾ ಅವ್ವಾ ಅಂದೇನಿ. ಒಮ್ಮೆರೆ ಆಕಿ ಹೆಸರು ಹಿಡದಿಲ್ಲ. ಹೆಂಗ ಹಿಡೀಬೇಕು? ಇವತ್ತು ನನ್ನ ಬಾಯಿಲೆ, ಕಿವಿಯಾಗ, ಮೂರು ಸಲ ಹೇಳತೇನಿ. ಎದಿ ಡವಡವ ಅನ್ನಾಕತ್ತೈತಿ ನೋಡು, ಕೈ ಇಡು." ಪಾರವ್ವನ ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡಳು. "ನೀ ಏನೋ ಅನ್ನಾಕತ್ತಿದ್ದಿ."

"ಏನಿಲ್ರಿ. ಗುಗ್ಗರಿಗೆ ಎಷ್ಟು ಕಡ್ಲಿ ಹಾಕಲಿ ಅಂತ."

ಐದು ಮಂದಿ ಮುತ್ತೈದೆಯರು ಬಂದರು. ಯಮನವ್ವ ಕೂಸನ್ನು ಎತ್ತಿಕೊಂಡು ಸೆರಗು ಮರೆಮಾಡಿ ಕಿವಿಯಲ್ಲಿ ಮೊದಲು ಕುರ್ರ್ ಎಂದಳು, ಆಮೇಲೆ ಹೆಸರು ಹೇಳಿದಳು. ಹೇಳಿದ ಕೂಡಲೆ ಹೆಂಗಸರೆಲ್ಲ ಕೂಡಿ ಅವಳ ಬೆನ್ನಿಗೆ ಗುದ್ದಿದರು. ಪದ್ಧತಿಗಿಂತ ಒಂದೆರಡು ಹೆಚ್ಚೇ ಗುದ್ದಿದರು. "ಸಾಕ್ರೆ, ಗಾಣದಾಗ ಬೆನ್ನು ಮೊದಲ ಮುರದೈತಿ," ಎಂದು ಅವಳು ನಗುತ್ತ ಕಣ್ಣು ಒರೆಸಿಕೊಂಡಳು. ಕೂಸಿನ ಹೆಸರು ಲಕ್ಕವ್ವ ಎಂದಾಯಿತು. ಪಾರವ್ವ ಓಣಿಗೆಲ್ಲ ಗುಗ್ಗರಿ ಹಂಚಿದಳು. ಬುಟ್ಟಿ ಖಾಲಿಯಾದ ಮೇಲೆ ಹಿತ್ತಿಲ ಕಲ್ಲಿನ ಮೇಲೆ ಕುಳಿತು, 'ನಾ ಕೇಳಲೇ ಇಲ್ಲ ಅವ್ವಾ,' ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಬೇವಿನ ಹೂವು ಉದುರುತ್ತಲೇ ಇತ್ತು.

ಯಮನವ್ವ ಹುಕ್ಕೇರಿಗೆ ಹೋದಳು. ಆಮೇಲೆ ಆ ಮನೆಯಲ್ಲಿ ಒಂದು ವಿಚಿತ್ರ ತೊಡಕು ಗೊತ್ತಾಯಿತು. ಹೆಸರೇನೋ ಇಟ್ಟಾಗಿತ್ತು, ಅದನ್ನು ಕರೆಯುವವರು ಯಾರೂ ಇರಲಿಲ್ಲ. ಮುರಿಗೆಪ್ಪ ತಾಯಿಯ ಹೆಸರು ಹಿಡಿಯಲಾರ, ಅವ್ವ ಎನ್ನುತ್ತಿದ್ದ. ಪಾರವ್ವ ಅತ್ತೆಯ ಹೆಸರು ಹಿಡಿಯುವಂತಿಲ್ಲ. ದುಂಡಪ್ಪ ನಲವತ್ತೈದು ವರ್ಷ ಸಂಸಾರ ಮಾಡಿದರೂ ಹೆಂಡತಿಯನ್ನು ಒಂದು ದಿನ ಹೆಸರಿನಿಂದ ಕರೆದವನಲ್ಲ. ಹುಡುಗರು ತಂಗಿ ಎನ್ನುತ್ತಿದ್ದರು. ಲಕ್ಕವ್ವ ಎಂದು ಬಾಯಿ ತುಂಬ ಕರೆಯಬಲ್ಲವಳು ಬಾಳವ್ವ ಒಬ್ಬಳೇ.

ಒಂದು ಮಧ್ಯಾಹ್ನ ಅವಳು ಅಂಗಳದಿಂದಲೇ, "ಲಕ್ಕವ್ವ ಮಲಗ್ಯಾಳೇನ?" ಎಂದು ಕೂಗಿ ಕೇಳಿದಳು. ಉಣ್ಣಲು ಕುಳಿತಿದ್ದ ದುಂಡಪ್ಪ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ತುತ್ತು ತಾಟಿಗೆ ಇಳಿಸಿ ಎದ್ದು ಕೈ ತೊಳೆದ.

ಮರುದಿನ ಬಾಳವ್ವನನ್ನು ಕಟ್ಟೆಯ ಹತ್ತಿರ ಕರೆದು, "ಹಂಗ ಒದರಬ್ಯಾಡವಾ. ನನಗ ತಡಕೊಳ್ಳಾಕ ಆಗಂಗಿಲ್ಲ," ಎಂದ. ಅವಳೂ ಅಂದಿನಿಂದ ಕೂಸು ಎಂದೇ ಕರೆದಳು.

ಚೈತ್ರದ ನಡುವೆ, ಬಿಸಿಲು ಸುಡುತ್ತಿದ್ದ ಒಂದು ದಿನ, ಪಾರವ್ವ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು. ಕಾಗೆ ಕಾಯಲೆಂದು ಕುಳಿತವಳು ಮೋಟುಗೋಡೆಯ ನೆರಳಿಗೆ ತಲೆ ಆನಿಸಿದಳು. ಕೆಳಗೆ ಬೇವಿನ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಬಾಳವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮುರಿಗೆಪ್ಪ ಎತ್ತಿನ ಗೋದಲಿ ಹಸನು ಮಾಡುತ್ತಿದ್ದ. ಈ ಸಪ್ಪಳಗಳೆಲ್ಲ ಮೇಲೆ ಬರುವ ಹೊತ್ತಿಗೆ ತೆಳ್ಳಗಾಗಿ, ನೀರಿನ ಸಪ್ಪಳವಾಗಿ, ಪಾರವ್ವ ಹೊಳೆಯೊಳಗೆ ಮೊಣಕಾಲುದ್ದ ನಿಂತಿದ್ದಳು. ಹೊಳೆಯ ತುಂಬ ಬಿಳಿಯ ಎಳೆಗಳು ಹರಿದು ಹೋಗುತ್ತಿದ್ದವು. ಹಿಡಿಯಹೋದರೆ ಬೆರಳ ಸಂದಿನಿಂದ ಜಾರುತ್ತಿದ್ದವು. ಆಚೆ ದಂಡೆಯ ಮೇಲೆ ಒಬ್ಬ ಸಣ್ಣ ಹುಡುಗಿ ಬೆನ್ನು ಮಾಡಿ ನಡೆದಿದ್ದಳು. ನಡಿಗೆ ನೋಡಿದರೆ ತಾಯಿ. ಎತ್ತರ ನೋಡಿದರೆ ಆರು ವರ್ಷದ ಹುಡುಗಿ. ಕರೆದರೆ ತಿರುಗಿಯಾಳೆಂದು ಪಾರವ್ವ ಬಾಯಿ ತೆರೆದಳು.

ಗುಡುಗು ಹೊಡೆಯಿತು.

ಎದ್ದು ನೋಡಿದರೆ ಮೂಡಲಗಿಯ ಕಡೆಯ ಆಕಾಶ ಕಪ್ಪಾಗಿತ್ತು. ಹನಿ ಬೀಳಲು ಶುರುವಾಗಿತ್ತು, ಒಂದೊಂದು ಹನಿ ರೂಪಾಯಿಯಷ್ಟು ಅಗಲ. ಕಣ್ಣಲ್ಲಿ ಇನ್ನೂ ಹೊಳೆ ಇತ್ತು. ಪಾರವ್ವ ಮಾಳಿಗೆಯ ಅಂಚಿಗೆ ಓಡಿ ಗಂಟಲು ಹರಿಯುವಂತೆ ಕೂಗಿದಳು: "ಅಲ್ಲವ್ವನ್ನ ಒಳಗ ತಗೋರಿ. ಮಳಿ ಬಂತು, ಅಲ್ಲವ್ವನ್ನ ಒಳಗ ತಗೋರಿ."

ಕೆಳಗಿದ್ದವರು ಗಾಬರಿಯಾದರು. ಬಾಳವ್ವ ಮೆಣಸಿನಕಾಯಿ ಮೊರ ಹಿಡಿದುಕೊಂಡೇ ಸುತ್ತ ಮುತ್ತ ನೋಡಿದಳು. "ಯಾವ ಅಲ್ಲವ್ವ? ಯಾರ ಬಂದಾರ?" ದುಂಡಪ್ಪ ಯಾರೋ ನೆಂಟರು ಬಂದರೆಂದು ತಲೆಗೆ ರುಮಾಲು ಸುತ್ತುತ್ತ ತಲಬಾಗಿಲಿಗೆ ಓಡಿ, ಬಾಗಿಲು ತೆರೆದು, "ಬರ್ರಿ, ಬರ್ರಿ," ಎಂದ. ಓಣಿಯಲ್ಲಿ ಒಂದು ಎಮ್ಮೆ ನಿಂತಿತ್ತು. ಮುರಿಗೆಪ್ಪ ಕೊಟ್ಟಿಗೆಯಿಂದ ಹೊರಗೆ ಬಂದು ಮಾಳಿಗೆಯ ಕಡೆ ಮುಖ ಮಾಡಿ, "ಯಾರನ್ನ?" ಎಂದು ಕೇಳಿದ. ಅಷ್ಟರಲ್ಲಿ ಮಳೆ ಒಮ್ಮೆಲೇ ಸುರಿಯಿತು, ಜೋಳಿಗೆಯೊಳಗಿಂದ ಕೂಸು ಚೀರಿತು. ಆಗ ಮುರಿಗೆಪ್ಪ ಓಡಿಹೋಗಿ ಅದನ್ನು ಎತ್ತಿ ಅಂಗಿಯೊಳಗೆ ಹುದುಗಿಸಿಕೊಂಡ.

ಪಾರವ್ವ ಸಂಡಿಗೆ ಬಿಟ್ಟು ಇಳಿದು ಬಂದಳು. ಪಡಸಾಲೆಯಲ್ಲಿ ಎಲ್ಲರೂ ತೊಯ್ದು ನಿಂತಿದ್ದರು. ಅವಳು ಕೂಸನ್ನು ಇಸಿದುಕೊಂಡು ಸೆರಗಿನಿಂದ ತಲೆ ಒರೆಸಿದಳು.

"ಅಲ್ಲವ್ವ ಅಂದ್ರ ಯಾರವಾ?" ಎಂದು ಕೇಳಿದ ದುಂಡಪ್ಪ.

ಪಾರವ್ವ ತಲೆ ಎತ್ತಲಿಲ್ಲ. "ನಮ್ಮವ್ವನ ಹೆಸರ್ರಿ, ಮಾವಾರ."

ಮಳೆಯ ಸಪ್ಪಳ ದೊಡ್ಡದಾಗಿತ್ತು. ಮುದುಕ ರುಮಾಲು ಬಿಚ್ಚಿ ಹಿಂಡಿದ. "ಬೀಗತಿ ಹೆಸರು ಅಲ್ಲವ್ವನ?" ಎಂದ. "ಅಷ್ಟು ವರ್ಷ ಬರಾಕಿ ಹೋಗಾಕಿ. ನಾ ಒಮ್ಮೆರೆ ಕೇಳಲಿಲ್ಲ."

"ಹೆಣ್ಣು ಹುಟ್ಟಿದ್ರ ಆಕಿ ಹೆಸರ ಇಡತೇನಿ ಅಂತ ಮಾತು ಕೊಟ್ಟಿದ್ದೆ. ಹತ್ತು ವರ್ಷಾತು." ಹೊಂದಿಸಿಟ್ಟ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ, ಇಷ್ಟೇ ಬಂತು.

"ಮೊದಲ ಯಾಕ ಹೇಳಲಿಲ್ಲ?" ಎಂದ ಮುರಿಗೆಪ್ಪ.

"ದಿನಾ ಹೇಳಾಕ ಬರತಿದ್ದೆ. ನೀವು ಕೂಸಿನ ಕೂಡ ಅವ್ವಾ ಅಂತ ಮಾತಾಡತಿದ್ರಿ. ಹೆಂಗ ಹೇಳಲಿ?"

ದುಂಡಪ್ಪ ಗೋಡೆಗೆ ಒರಗಿ ಕುಳಿತ. "ತೊಟ್ಟಲದಾಗ ಇಟ್ಟ ಹೆಸರು ತೊಟ್ಟಲದಾಗ ಇರಲಿ," ಎಂದ ನಿಧಾನವಾಗಿ. "ಅದನ್ನ ಕರಿಯಾಕ ಈ ಮನಿಯಾಗ ಯಾರಿಗೂ ಬಾಯಿ ಬರಂಗಿಲ್ಲ. ಇದನ್ನರೆ ಕರೀಬಹುದಲ್ಲ. ಏನಂತೀಯೋ?"

"ನೋಡೂಣು," ಎಂದ ಮುರಿಗೆಪ್ಪ. ಮಳೆ ನಿಲ್ಲುವ ಮುಂಚೆಯೇ ಎತ್ತಿನ ಕಡೆ ಹೋದ.

ಬಾಳವ್ವ ಮಾತ್ರ ತೊಯ್ದ ಮೆಣಸಿನಕಾಯಿ ಹರವುತ್ತ, "ಸಂಡಿಗಿ ಹೋತು, ಖಾರ ಹೋತು, ಹೆಸರರೆ ಬಂತಲ್ಲ ತಗೋ," ಎಂದಳು.

ಮೂರು ದಿನ ಮುರಿಗೆಪ್ಪ ಕೂಸಿಗೆ ಅವ್ವ ಎಂದೂ ಅನ್ನಲಿಲ್ಲ, ಬೇರೆ ಏನೂ ಅನ್ನಲಿಲ್ಲ. ಸುಮ್ಮನೆ ಎತ್ತಿಕೊಂಡು ತಿರುಗುತ್ತಿದ್ದ. ಕಿವಿ ಮಡಚಿ ನೋಡುತ್ತಿದ್ದ, ಮತ್ತೆ ಬಿಡುತ್ತಿದ್ದ. ಪಾರವ್ವ ಬುತ್ತಿ ಕೊಟ್ಟು ಕಾಯ್ದಳು, ಕೇಳಲಿಲ್ಲ. ಕೇಳುವುದು ಮುಗಿದಿತ್ತು.

ನಾಲ್ಕನೆಯ ದಿನ ಹೊಲದಿಂದ ಬಂದವನು ಅಂಗಳದಲ್ಲಿ ನಿಂತು, ಮನೆಯೊಳಕ್ಕೆ ಕೇಳುವಂತೆ, "ಅಲ್ಲವ್ವ ಎಲ್ಲಿ ಅದಾಳ?" ಎಂದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಪಾರವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಮುಂದೆ ಶಾಲೆಯ ಪಟ್ಟಿಯಲ್ಲಿ ಹುಡುಗಿಯ ಹೆಸರನ್ನು ಲಕ್ಕವ್ವ ಎಂದೇ ಬರೆಸಿದರು. ಮನೆಯಲ್ಲಿ, ಓಣಿಯಲ್ಲಿ ಅಲ್ಲವ್ವ ಎಂದು ಕರೆದರು. ಪಾರವ್ವ ತಾಯಿಗೆ ಕೊಟ್ಟ ಮಾತು ನಡೆಯಿತು.